‘ಎನ್ನಲಾಗಿದೆ’ ಕಾಪಾಡಲಿಲ್ಲ

ನೋಟಿಸು ಮೊದಲು ತಲುಪಿದ್ದು ನನಗಲ್ಲ, ಪ್ರಿಂಟರಿಗೆ. ಚಾಮರಾಜಪೇಟೆಯ ಪ್ರೆಸ್ಸಿನಿಂದ ಅವರು ಫೋನ್ ಮಾಡಿದಾಗ ನಾನು ಪಿಜಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ.

“ಏನ್ರೀ, ನೀರಿನ ಬಗ್ಗೆ ಅದೇನು ಬರ್ದಿದೀರಿ? ವಕೀಲರ ಕಾಗ್ದ ಬಂದಿದೆ. ನನ್ ಹತ್ರಾನೂ 25 ಲಕ್ಷ ಕೇಳಿದಾರೆ. ನಿಮ್ ಬಿಲ್ಲು 11 ಸಾವ್ರ, ಅದೇ ಇನ್ನೂ ಬಂದಿಲ್ಲ.”

ಮರುದಿನ ಅದೇ ಕಾಗದದ ಇನ್ನೊಂದು ಪ್ರತಿ ಕಾಲೇಜಿಗೆ ಬಂತು. ಪ್ರಾಂಶುಪಾಲರಿಗೆ, ವಿಭಾಗದ ಮುಖ್ಯಸ್ಥರಿಗೆ, ವಿದ್ಯಾರ್ಥಿ ಸಂಪಾದಕಿಗೆ, ಕೊನೆಗೆ ‘ವರದಿಗಾರ’ ಎಂದು ನನಗೆ. ನನ್ನ ಹೆಸರಿನ ಹಿಂದೆ ಆ ಪದ ಅಚ್ಚಾಗಿದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು. ಒಂದು ಕ್ಷಣ ಖುಷಿಯೂ ಆಯಿತು ಅಂದರೆ ನಂಬಬೇಕು.

ನಡೆದದ್ದು ಇಷ್ಟು. 2024ರ ಮಾರ್ಚ್. ಬೋರ್‌ವೆಲ್‌ಗಳು ಬತ್ತಿ, ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಟ್ಯಾಂಕರ್ ಹಾರ್ನಿಗೆ ಕಿವಿಗೊಟ್ಟು ಕೂತಿದ್ದ ಬೇಸಿಗೆ. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳುತ್ತಾರೆ ಎಂದು ಜಿಲ್ಲಾಡಳಿತ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ನಾನು ಆಗ ಎಂ.ಎ. ಪತ್ರಿಕೋದ್ಯಮ ಓದುತ್ತಿದ್ದೆ. ನಮ್ಮ ವಿಭಾಗಕ್ಕೆ ಒಂದು ಪ್ರಾಯೋಗಿಕ ಪತ್ರಿಕೆ ಇತ್ತು, 8 ಪುಟ, 500 ಪ್ರತಿ. ಮಹದೇವಪುರ ಕಡೆಯ ಒಂದು ಬಡಾವಣೆಗೆ ಮೂರು ಸಲ ಹೋಗಿ ಬಂದು, 12,000 ಲೀಟರಿಗೆ 1,800 ರೂಪಾಯಿ ವಸೂಲಿ ಮಾಡುತ್ತಿದ್ದಾರೆಂದು ಬರೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇಬ್ಬರು ಗೃಹಿಣಿಯರು ನೀರು ವಾಸನೆ ಬರುತ್ತದೆ ಅಂದರು, ಟ್ಯಾಂಕರ್ ಚಾಲಕನೊಬ್ಬ ಟೀ ಕುಡಿಯುತ್ತಾ “ಎಲ್ಲಿಂದ ತುಂಬಿಸ್ತೀವಿ ಅಂತ ಕೇಳ್ಬೇಡಿ ಅಣ್ಣ” ಅಂದ. ನಾನು ಅದಕ್ಕೆ ಕೊಟ್ಟ ಶೀರ್ಷಿಕೆ: ‘ಕಾಸು ಕೊಟ್ಟು ಕೊಳಚೆ ಕುಡಿಯುವ ಬಡಾವಣೆ’.

ಕಾಸು, ಕೊಟ್ಟು, ಕೊಳಚೆ, ಕುಡಿಯುವ. ನಾಲ್ಕು ‘ಕ’ಕಾರ. ಪುಟ ಕಟ್ಟುವಾಗ ಗೆಳೆಯರು ಬೆನ್ನು ತಟ್ಟಿದ್ದರು. ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೂ ತೋರಿಸಿದ್ದೆ. ಆ ಪ್ರಾಸಕ್ಕೇ ಟ್ಯಾಂಕರ್ ಮಾಲೀಕರು ಕೇಳಿದ್ದು 25 ಲಕ್ಷ.

ನೋಟಿಸನ್ನು ಮೊದಲ ಸಲ ಓದುವವರಿಗೆ ಎದೆ ಹೊಡೆದುಕೊಳ್ಳುವುದು ಸಹಜ. ಅದನ್ನು ಬರೆಯುವುದೇ ಹಾಗೆ. ‘ನಮ್ಮ ಕಕ್ಷಿದಾರರು ಸಮಾಜದಲ್ಲಿ ಗಣ್ಯರು’ ಎಂದು ಶುರುವಾಗಿ, ನನ್ನ ವರದಿ ‘ದುರುದ್ದೇಶದಿಂದ ಕೂಡಿದ್ದು, ಕಪೋಲಕಲ್ಪಿತ’ ಎಂದು ಸಾಗಿ, ಏಳು ದಿನದೊಳಗೆ ಬೇಷರತ್ ಕ್ಷಮಾಪಣೆ ಕೇಳಬೇಕು, ಅದನ್ನು ಎರಡು ಕನ್ನಡ ದಿನಪತ್ರಿಕೆಗಳಲ್ಲಿ ನಮ್ಮ ಖರ್ಚಿನಲ್ಲಿ ಹಾಕಿಸಬೇಕು, ಮಾಹಿತಿ ಕೊಟ್ಟ ಚಾಲಕ ಯಾರೆಂದು ತಿಳಿಸಬೇಕು, ತಪ್ಪಿದರೆ ಪರಿಹಾರದ ದಾವೆ, ಜೊತೆಗೆ ಐಪಿಸಿಯ ಮಾನಹಾನಿ ಸೆಕ್ಷನ್‌ಗಳಾದ 499, 500ರ ಅಡಿ ಕ್ರಿಮಿನಲ್ ಕೇಸು. ಪ್ರಿಂಟರಿಗೆ ಹೆಚ್ಚುವರಿಯಾಗಿ 501. ಮಾನಹಾನಿಕರ ಎಂದು ಗೊತ್ತಿದ್ದೂ ಅಚ್ಚು ಹಾಕುವುದು ಬೇರೆಯೇ ಅಪರಾಧ ಎಂಬುದು ನನಗೆ ಗೊತ್ತಾದದ್ದು ಆ ಬಡಪಾಯಿಯಿಂದ.

ಪ್ರಾಂಶುಪಾಲರ ಕೋಣೆಯಲ್ಲಿ ಚರ್ಚೆ ಹತ್ತು ನಿಮಿಷ ನಡೆಯಿತು. ಅವರ ಅಭಿಪ್ರಾಯ ಸರಳ: ಕ್ಷಮೆ ಕೇಳಿ ಕೈತೊಳೆದುಕೊಳ್ಳಿ. ಅಪ್ಪನ ಅಭಿಪ್ರಾಯವೂ ಅದೇ. ಜಮೀನು ವ್ಯಾಜ್ಯದಲ್ಲಿ ಹದಿನಾರು ವರ್ಷ ಅಲೆದವರು ಅವರು. “ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ” ಎಂದು ಫೋನಿನಲ್ಲೇ ತೀರ್ಪು ಕೊಟ್ಟರು. ವಿಭಾಗದ ಮುಖ್ಯಸ್ಥರು ಮಾತ್ರ “ಮೇಡಂ ಹತ್ರ ಒಂದು ಮಾತು ಕೇಳಿ” ಅಂದರು.

ಮೇಡಂ ಅಂದರೆ ನಮಗೆ ‘ಮಾಧ್ಯಮ ಕಾನೂನು’ ಪತ್ರಿಕೆ ಪಾಠ ಮಾಡಲು ಶನಿವಾರ ಬರುತ್ತಿದ್ದ ವಕೀಲರು. ಆ ತರಗತಿಯಲ್ಲಿ ನಾನು ಕೊನೆಯ ಬೆಂಚು. ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಕೊಡುವ ವಿಧಿ 19(1)(ಎ), ಅದಕ್ಕೆ 19(2)ರ ಕಡಿವಾಣ, ಕಡಿವಾಣದ ಎಂಟು ಕಾರಣ, ಅದರಲ್ಲಿ ಮೂರು 1951ರ ತಿದ್ದುಪಡಿಯಲ್ಲಿ ಸೇರಿದ್ದು, ಒಂದು 1963ರಲ್ಲಿ. ಇದನ್ನೆಲ್ಲ ಮಗ್ಗಿಯಂತೆ ಒಪ್ಪಿಸಬಲ್ಲವನಾಗಿದ್ದೆ. ಎಂಟರಲ್ಲಿ ‘ಮಾನಹಾನಿ’ಯೂ ಒಂದು ಎಂಬುದು ಮಗ್ಗಿಯೊಳಗೇ ಕಳೆದುಹೋಗಿತ್ತು. ಆ ವರ್ಷ ಕಾನೂನು ಓದಿದವರ ಪಾಡು ಬೇರೆಯೇ ಬಿಡಿ. 1867ರ ಪತ್ರಿಕಾ ನೋಂದಣಿ ಕಾಯ್ದೆಯ ಟಿಪ್ಪಣಿ ಬರೆದುಕೊಂಡು ಮುಗಿಸುವಷ್ಟರಲ್ಲಿ, ಮಾರ್ಚ್ 1ರಿಂದ ಅದರ ಜಾಗಕ್ಕೆ 2023ರ ಹೊಸ ಕಾಯ್ದೆ ಬಂತು. 499 ಬಾಯಿಪಾಠ ಮಾಡಿದರೆ, ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356. ನನ್ನ ವರದಿ ಹಳೆಯ ಕಾನೂನಿನ ಕಾಲದ್ದು, ನನ್ನ ಪರೀಕ್ಷೆ ಹೊಸ ಕಾನೂನಿನ ಕಾಲದ್ದು.

ಗಾಂಧಿನಗರದಲ್ಲಿ ಮೇಡಂ ಕಚೇರಿ. ಎರಡನೇ ಮಹಡಿ, ಲಿಫ್ಟ್ ಇಲ್ಲ. ನೋಟಿಸನ್ನು ಅವರು ಓದಿದ ರೀತಿ ನೋಡಿ ಅರ್ಧ ಭಯ ಇಳಿಯಿತು. ಮದುವೆ ಕರೆಯೋಲೆ ಓದುವವರ ಹಾಗೆ, ತಾರೀಖು ಮತ್ತು ಹೆಸರು ಮಾತ್ರ ನೋಡಿದರು.

“ಪೊಲೀಸ್ನೋರು ಬರ್ತಾರಾ ಮೇಡಂ?”

“ಬರಲ್ಲ. ಮಾನಹಾನಿ ಕಾಗ್ನಿಜಬಲ್ ಅಲ್ಲ, ಪೊಲೀಸ್ನೋರು ತಾವಾಗೇ ಕೇಸು ಹಾಕೋ ಅಪರಾಧ ಅಲ್ಲ ಅಂತ ಪಾಠ ಮಾಡಿದ್ದೆ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡ್ಬೇಕು. ನೀನು ಅವತ್ತು ಬಂದಿದ್ಯೋ ಇಲ್ವೋ?”

ಬಂದಿದ್ದೆ. ಕ್ರಿಕೆಟ್ ಸ್ಕೋರು ನೋಡುತ್ತಿದ್ದೆ.

ಆಮೇಲೆ ಮೂರು ಕಟ್ಟಪ್ಪಣೆ. ಟ್ಯಾಂಕರ್ ಮಾಲೀಕರಿಗೆ ಫೋನ್ ಮಾಡಬಾರದು. ವಾಟ್ಸ್ಆಪಿನಲ್ಲಿ ‘ಸಾರಿ ಸಾರ್’ ಎಂದು ಕಳಿಸಬಾರದು. ಫೋನಿನಿಂದ ಏನನ್ನೂ ಅಳಿಸಬಾರದು. ಅದಾದ ಮೇಲೆ ಅವರು ನನ್ನ ವರದಿಯ ಜೆರಾಕ್ಸ್ ತೆಗೆಸಿ, ಮೂರು ಬಣ್ಣದ ಪೆನ್ನು ಕೈಗಿಟ್ಟರು. ಕಣ್ಣಾರೆ ಕಂಡದ್ದಕ್ಕೆ ಹಸಿರು, ಯಾರೋ ಹೇಳಿದ್ದಕ್ಕೆ ನೀಲಿ, ನಾನೇ ಅಂದುಕೊಂಡದ್ದಕ್ಕೆ ಕೆಂಪು. ಸಾಲು ಸಾಲಾಗಿ ಅಡಿಗೆರೆ ಹಾಕು ಅಂದರು.

ದರದ ಭಾಗ ಬಹುಪಾಲು ಹಸಿರು. ನನ್ನ ಹತ್ತಿರ ಏಳು ಕೈಬರಹದ ಚೀಟಿಗಳಿದ್ದವು, ನಾಲ್ಕು ಮನೆಯವರ ಫೋನ್‌ಪೇ ಸ್ಕ್ರೀನ್‌ಶಾಟ್ ಇದ್ದವು, ಜಿಲ್ಲಾಡಳಿತದ ದರಪಟ್ಟಿ ಇತ್ತು. ವಾಸನೆಯ ವಿಷಯ ನೀಲಿ. ‘ಕೊಳಚೆ’ ಎಂಬ ಪದದ ಕೆಳಗೆ ಪೆನ್ನು ನಿಂತಿತು. ಯಾರೂ ಆ ಮಾತು ಹೇಳಿರಲಿಲ್ಲ. ಗೃಹಿಣಿಯರು ಹೇಳಿದ್ದು ‘ವಾಸನೆ’. ಚಾಲಕ ಹೇಳಿದ್ದು ‘ಕೇಳ್ಬೇಡಿ’. ಕೊಳಚೆ ನನ್ನದು. ಕೆಂಪು.

“ಆದ್ರೆ ನಾನು ‘ಎನ್ನಲಾಗಿದೆ’ ಅಂತ ಹಾಕಿದೀನಲ್ಲ ಮೇಡಂ,” ಅಂದೆ. ‘ಈ ಟ್ಯಾಂಕರುಗಳಲ್ಲಿ ಕೊಳಚೆ ಬೆರೆತ ನೀರು ಪೂರೈಕೆಯಾಗುತ್ತಿದೆ ಎನ್ನಲಾಗಿದೆ.’

ಅವರು ನಕ್ಕರು. ಯಾರು ಅಂದದ್ದು ಎಂದು ಕೇಳಿದರು. ಉತ್ತರವಿರಲಿಲ್ಲ. ಕನ್ನಡ ಪತ್ರಿಕೋದ್ಯಮದಲ್ಲಿ ‘ಎನ್ನಲಾಗಿದೆ’, ‘ಹೇಳಲಾಗುತ್ತಿದೆ’, ಟೀವಿಯವರ ಪ್ರಶ್ನಾರ್ಥಕ ಚಿಹ್ನೆ, ಇವೆಲ್ಲ ತಾಯತ ಇದ್ದ ಹಾಗೆ. ಕಟ್ಟಿಕೊಂಡವರಿಗೆ ಧೈರ್ಯ ಬರುತ್ತದೆ, ಅಷ್ಟೇ. ಇನ್ನೊಬ್ಬರು ಆಡಿದ ಮಾತನ್ನು ಅಚ್ಚು ಹಾಕಿದರೂ ಅಚ್ಚು ಹಾಕಿದವನು ಅದಕ್ಕೆ ಜವಾಬ್ದಾರ. ಯಾರೂ ಆಡದ ಮಾತಾದರೆ ಕೇಳುವುದೇ ಬೇಡ.

ನನ್ನ ಎರಡನೇ ತಾಯತವೂ ಅಲ್ಲೇ ಕಳಚಿತು. ಟ್ಯಾಂಕರ್ ಮಾಲೀಕರ ಹೆಸರನ್ನು ನಾನು ಎಲ್ಲೂ ಹಾಕಿರಲಿಲ್ಲ. ಹೆಸರಿಲ್ಲದಿದ್ದರೆ ಕೇಸಿಲ್ಲ ಎಂಬುದು ನಮ್ಮ ಹಾಸ್ಟೆಲ್ ಮಟ್ಟದ ಕಾನೂನು. ಮೇಡಂ ಪುಟವನ್ನು ಬೆಳಕಿಗೆ ಹಿಡಿದು ನನ್ನದೇ ಫೋಟೋ ತೋರಿಸಿದರು. ನೀಲಿ ಟ್ಯಾಂಕರು, ಅದರ ಹಿಂದೆ ದಪ್ಪಕ್ಷರದಲ್ಲಿ ಮನೆದೇವರ ಹೆಸರು, ವಾಟರ್ ಸಪ್ಲೈ, ಮೊಬೈಲ್ ನಂಬರಿನ ಮೊದಲ ಆರು ಅಂಕಿ. ಓದಿದವರಿಗೆ ಇಂಥವರೇ ಎಂದು ಗೊತ್ತಾದರೆ ಸಾಕು, ಹೆಸರು ಬೇಕಿಲ್ಲ. 500 ಪ್ರತಿ ಮಾತ್ರ ಎಂಬ ಸಮಾಧಾನವೂ ನಿಲ್ಲಲಿಲ್ಲ. ಬಡಾವಣೆಯ ವಾಟ್ಸ್ಆಪ್ ಗುಂಪಿಗೆ ಪಿಡಿಎಫ್ ಹಾಕಿದವನು ನಾನೇ. ಮಾಲೀಕರು ನೋಡಿದ್ದೂ ಅಲ್ಲೇ.

ಕ್ರಿಮಿನಲ್ ಮಾನಹಾನಿಗೆ ಕಾನೂನಿನಲ್ಲಿ ಹತ್ತು ವಿನಾಯಿತಿಗಳಿವೆ. ಮೊದಲನೆಯದು ಸತ್ಯ. ಆದರೆ ಬರೀ ಸತ್ಯ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ಸಿವಿಲ್ ದಾವೆಯಲ್ಲಿ ಸತ್ಯವೊಂದೇ ಸಾಕು. ನೀರಿನ ದರ ಸಾರ್ವಜನಿಕ ಹಿತವಲ್ಲದೆ ಇನ್ನೇನು? ಹಾಗಾಗಿ ದರದ ವಿಷಯದಲ್ಲಿ ನಾವು ಗಟ್ಟಿ. ಕೊಳಚೆಯ ವಿಷಯದಲ್ಲಿ ಸತ್ಯ ಎಂಬ ಮೊದಲ ಮೆಟ್ಟಿಲೇ ಇಲ್ಲ.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಮರುದಿನವೇ ಆ ಬಡಾವಣೆಗೆ ಹೋಗಿ, ಒಬ್ಬರ ಸಂಪಿನಿಂದ ಬಾಟಲಿಗೆ ನೀರು ತುಂಬಿಸಿ ಖಾಸಗಿ ಲ್ಯಾಬಿಗೆ ಕೊಟ್ಟೆ. ವರದಿ ಬಂತು. ಒಟ್ಟು ಗಡಸುತನ ಲೀಟರಿಗೆ 540 ಮಿಲಿಗ್ರಾಂ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ 200 ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಕೊಳಚೆ ಸೇರಿದರೆ ಕಾಣುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪತ್ತೆಯಾಗಿಲ್ಲ. ಅಂದರೆ ಬೇಳೆ ಬೇಯದ ನೀರು, ಆದರೆ ಕೊಳಚೆ ಅಲ್ಲ. ಲ್ಯಾಬಿಗೆ ಕಟ್ಟಿದ ದುಡ್ಡಿನ ನೋವಿನಲ್ಲೇ ಕಾಗದವನ್ನು ಮೇಡಂಗೆ ಕೊಟ್ಟೆ.

“ಕೊಳಚೆ ಅಂತ ಬಂದಿದ್ರೂ ಏನೂ ಪ್ರಯೋಜನ ಇರ್ಲಿಲ್ಲ ಕಣೋ,” ಅಂದರು. “ಇದು ಏಪ್ರಿಲ್ ನೀರು. ನೀನು ಬರ್ದಿದ್ದು ಮಾರ್ಚ್ ನೀರಿನ ಬಗ್ಗೆ.”

ಇನ್ನೊಂದು ಮುಜುಗರ ಬಾಕಿ ಇತ್ತು. ವರದಿಯ ಕೊನೆಗೆ ‘ಪ್ರತಿಕ್ರಿಯೆಗೆ ಮಾಲೀಕರು ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದಿದ್ದೆ. ಕಾಲ್ ಲಾಗ್ ತೆಗೆ ಅಂದರು. ರಾತ್ರಿ 9.40ಕ್ಕೆ ಒಂದೇ ಕರೆ, 11 ಸೆಕೆಂಡ್ ರಿಂಗು. ಪುಟ ಪ್ರೆಸ್ಸಿಗೆ ಹೋದದ್ದು 10 ಗಂಟೆಗೆ. ಪ್ರಕಟಣೆಗೆ ಮುನ್ನ ಪರಿಶೀಲಿಸಿ, ಸಂಬಂಧಪಟ್ಟವರ ಮಾತು ಕೇಳಿ ಎಂದು ಪ್ರೆಸ್ ಕೌನ್ಸಿಲ್ ನೀತಿಸಂಹಿತೆ ಹೇಳುತ್ತದೆ. ಅದನ್ನು ಹಿಂದಿನ ಇಂಟರ್ನಲ್ ಟೆಸ್ಟಿನಲ್ಲಿ ನಾನೇ ಬರೆದು 8 ಅಂಕ ತೆಗೆದಿದ್ದೆ.

ಚಾಲಕನ ಹೆಸರಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಅವನು ಕೊಪ್ಪಳ ಕಡೆಯವನು, ತಿಂಗಳ ಸಂಬಳದವನು. ಹೆಸರು ಹೇಳಿದರೆ ಮಾರನೇ ದಿನವೇ ಕೆಲಸ ಹೋಗುತ್ತದೆ. ಪತ್ರಕರ್ತರು ಸುದ್ದಿಮೂಲ ಹೇಳಬೇಕಿಲ್ಲ ತಾನೇ ಎಂದು ಜೋರಾಗಿ ಕೇಳಿದೆ. ಮೇಡಂ 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15ನೇ ಸೆಕ್ಷನ್ ತೆರೆದು ತೋರಿಸಿದರು. ಸುದ್ದಿಮೂಲ ಹೇಳುವಂತೆ ಬಲವಂತ ಮಾಡುವ ಹಾಗಿಲ್ಲ, ಆದರೆ ಆ ಮಾತು ಕೌನ್ಸಿಲಿನ ವಿಚಾರಣೆಗೆ ಮಾತ್ರ. ನ್ಯಾಯಾಲಯದಲ್ಲಿ ಪತ್ರಕರ್ತರಿಗೆಂದೇ ಅಂಥ ರಕ್ಷಣೆ ಕೊಡುವ ಕಾಯ್ದೆ ನಮ್ಮಲ್ಲಿಲ್ಲ. ಸಂವಿಧಾನದಲ್ಲೂ ‘ಪತ್ರಿಕೆ’ ಎಂಬ ಪದವೇ ಇಲ್ಲ. ಪತ್ರಿಕೆಗೆ ಪ್ರತ್ಯೇಕ ಹಕ್ಕು ಬೇಡ, ಸಂಪಾದಕನೂ ಒಬ್ಬ ಪ್ರಜೆಯಾಗಿಯೇ ಬರೆಯುತ್ತಾನೆ ಎಂಬುದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರ ನಿಲುವಾಗಿತ್ತು. ಪ್ರೆಸ್ ಸ್ಟಿಕರ್ ಅಂಟಿಸಿದ ಬೈಕುಗಳನ್ನು ನೋಡಿದಾಗಲೆಲ್ಲ ನನಗೆ ಈಗ ಇದು ನೆನಪಾಗುತ್ತದೆ.

“ವಕೀಲರ ನೋಟಿಸಿಗೆ ಹೆಸರು ಕೊಡ್ಬೇಕು ಅಂತ ಯಾವ ಕಾನೂನೂ ಇಲ್ಲ,” ಎಂದರು ಕೊನೆಗೆ. “ಜಡ್ಜ್ ಕೇಳಿದ ದಿನ ನೋಡೋಣ.” ಚಾಲಕನ ಮಾತು ನನ್ನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಅದನ್ನು ಸಾಕ್ಷ್ಯವಾಗಿ ಕೊಡುವುದಾದರೆ ಜೊತೆಗೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ 65-ಬಿ ಪ್ರಮಾಣಪತ್ರ ಬೇಕು, ಅದಕ್ಕೇ ಫೋನ್ ಮಾರಬೇಡ, ರಿಪೇರಿಗೂ ಕೊಡಬೇಡ ಅಂದರು. ಒಡೆದ ಸ್ಕ್ರೀನಿನಲ್ಲೇ ಆ ಮಳೆಗಾಲ ಕಳೆದೆ.

ಮೇಡಂಗೆ ನಿಜವಾಗಿ ಚಿಂತೆಯಿದ್ದದ್ದು 25 ಲಕ್ಷದ ಬಗ್ಗೆ ಅಲ್ಲ, ತಡೆಯಾಜ್ಞೆಯ ಬಗ್ಗೆ. ಅವರ ಮಾತಿನಲ್ಲೇ ಹೇಳುವುದಾದರೆ, ಪರಿಹಾರದ ದಾವೆ ಎತ್ತಿನ ಗಾಡಿ, ತಡೆಯಾಜ್ಞೆ ಮೋಟಾರ್ ಸೈಕಲ್ಲು. ಎದುರು ಪಕ್ಷ ಬೆಳಿಗ್ಗೆ ದಾವೆ ಹಾಕಿ, ನಮ್ಮ ಮಾತು ಕೇಳದೆಯೇ ಏಕಪಕ್ಷೀಯ ಆದೇಶ ತಂದರೆ, ನಮ್ಮ ಮುಂದಿನ ಸಂಚಿಕೆಯಲ್ಲಿ ನೀರಿನ ಸುದ್ದಿ ಸೊಲ್ಲೆತ್ತುವಂತಿಲ್ಲ. ಆ ಮಾರ್ಚ್ 22ಕ್ಕಷ್ಟೇ ಸುಪ್ರೀಂ ಕೋರ್ಟು, ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮತ್ತು ಝೀ ಕಂಪನಿ ನಡುವಿನ ಪ್ರಕರಣದಲ್ಲಿ, ವಿಚಾರಣೆಗೆ ಮುನ್ನವೇ ಲೇಖನ ತೆಗೆಸುವ ಆದೇಶವನ್ನು ಯಾಂತ್ರಿಕವಾಗಿ ಕೊಡಬಾರದು ಎಂದಿತ್ತು. ಅದರ ಪ್ರಿಂಟೌಟ್ ಮೇಡಂ ಮೇಜಿನ ಮೇಲೇ ಇತ್ತು. “ತೀರ್ಪು ನಮ್ಮ ಕಡೆ ಇದೆ. ಆದ್ರೆ ಅದನ್ನ ಹೇಳೋಕೆ ನಾವು ಅಲ್ಲಿ ನಿಂತಿರ್ಬೇಕಲ್ಲ?” ಅದಕ್ಕೇ ಕೇವಿಯಟ್.

ಕೇವಿಯಟ್ ಎಂದರೆ ಇಷ್ಟೇ: ಇಂಥವರು ನಮ್ಮ ಮೇಲೆ ದಾವೆ ಹಾಕಬಹುದು, ಹಾಕಿದರೆ ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂದು ಮುಂಚೆಯೇ ಕೋರ್ಟಿಗೆ ಅರ್ಜಿ ಕೊಟ್ಟಿಡುವುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದು, ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೆ ನಡೆದೆ. ಕರಿಕೋಟುಗಳ ಸಂತೆ. ಟೈಪ್ ಮಾಡುವವರು, ನೋಟರಿಗಳು, ಜೆರಾಕ್ಸು, ಎಳನೀರು. ಮೇಡಂ ಜೂನಿಯರ್ ಹುಡುಗಿ, ನನಗಿಂತ ಎರಡು ವರ್ಷ ದೊಡ್ಡವರಿರಬಹುದು, ವಕಾಲತ್ತಿಗೆ ಸಹಿ ಹಾಕಿಸಿಕೊಂಡರು. ಅಫಿಡವಿಟ್ಟಿನಲ್ಲಿ ನನ್ನ ವಯಸ್ಸಿನ ಮುಂದೆ ‘ವೃತ್ತಿ’ ಎಂದಿತ್ತು. ವಿದ್ಯಾರ್ಥಿ ಎಂದು ಬರೆಸಿದೆ. ಅರ್ಜಿಯಲ್ಲಿ ಎದುರಿನವರನ್ನು ‘ನಿರೀಕ್ಷಿತ ವಾದಿ’ ಎಂದು ಕರೆಯುತ್ತಾರೆ. ನೆಂಟರ ಬರವಿಗೆ ಕಾಯುತ್ತಿರುವ ಹಾಗೆ ಕೇಳುತ್ತದೆ. ಆ ನಿರೀಕ್ಷಿತರಿಗೂ ಒಂದು ಪ್ರತಿಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಲಗತ್ತಿಸಬೇಕು. ಆಯಸ್ಸು 90 ದಿನ. ಎಲ್ಲ ಮುಗಿಯುವಾಗ ಸಂಜೆ ನಾಲ್ಕು. ಜಡ್ಜ್ ಮುಖವನ್ನೂ ನೋಡಲಿಲ್ಲ.

ಉತ್ತರ ಬರೆಯುವುದು ಬಾಕಿ. ಇಡೀ ಪ್ರಸಂಗದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಮಧ್ಯಾಹ್ನ ಅದು, ಮತ್ತು ಅಲ್ಲಿ ಚರ್ಚೆಯಾದದ್ದು ಕಾನೂನಿಗಿಂತ ಹೆಚ್ಚಾಗಿ ಕನ್ನಡ. ಪ್ರಾಂಶುಪಾಲರಿಗೆ ‘ಕ್ಷಮೆ ಯಾಚಿಸುತ್ತೇವೆ’ ಬೇಕು. ನನಗೆ ‘ಸ್ಪಷ್ಟನೆ’ ಸಾಕು. ಕ್ಷಮೆ ಎಂದರೆ ತಪ್ಪು ಒಪ್ಪಿದಂತೆ, ಒಟ್ಟಾರೆಯಾಗಿ ಕೇಳಿದರೆ ದರದ ಭಾಗವೂ ಅದರಲ್ಲಿ ಕೊಚ್ಚಿಹೋಗುತ್ತದೆ, ನಾಳೆ ಆ ಕಾಗದವನ್ನೇ ಕೋರ್ಟಿನಲ್ಲಿ ಹಿಡಿಯುತ್ತಾರೆ ಎಂದು ಮೇಡಂ ಪ್ರಾಂಶುಪಾಲರನ್ನು ಸುಮ್ಮನಾಗಿಸಿದರು. ನನ್ನ ಕಡೆ ತಿರುಗಿ, “ಸ್ಪಷ್ಟನೆ ಅಂದ್ರೆ ಓದುಗರಿಗೆ ಅರ್ಥ ಆಗ್ಲಿಲ್ಲ, ನಾವು ಬಿಡಿಸಿ ಹೇಳ್ತಿದೀವಿ ಅಂತ. ಓದುಗರಿಗೆ ಸರಿಯಾಗೇ ಅರ್ಥ ಆಗಿದೆ. ತಪ್ಪು ಬರ್ದಿದ್ದು ನೀನು” ಅಂದರು. ಉಳಿದದ್ದು ‘ವಿಷಾದ’. ಪತ್ರಿಕೆಗಳ ಮೂಲೆಯಲ್ಲಿ ‘ಪ್ರಮಾದಕ್ಕೆ ವಿಷಾದಿಸುತ್ತೇವೆ’ ಎಂದು ನೂರು ಸಲ ಓದಿದ್ದ ಪದ. ಅದರ ಬೆಲೆ ಅವತ್ತು ಗೊತ್ತಾಯಿತು. ಐದು ಸಲ ತಿದ್ದಿ ಕೊನೆಗೆ ಉಳಿದದ್ದು ಇದು:

‘ಮಾರ್ಚ್ ಸಂಚಿಕೆಯ ವರದಿಯ ಶೀರ್ಷಿಕೆ ಮತ್ತು ಒಂದು ವಾಕ್ಯದಲ್ಲಿ ಬಳಸಿದ ಕೊಳಚೆ ಎಂಬ ಪದಕ್ಕೆ ನಮ್ಮಲ್ಲಿ ಆಧಾರವಿರಲಿಲ್ಲ. ಆ ಪದ ಬಳಕೆಗೆ ವಿಷಾದಿಸುತ್ತೇವೆ. ದರ ಕುರಿತ ವರದಿಯಲ್ಲಿ ಬದಲಾವಣೆ ಇಲ್ಲ.’

ಕೊನೆಯ ವಾಕ್ಯ ಬೇಡವೆಂದು ಪ್ರಾಂಶುಪಾಲರು ಗೋಗರೆದರು. ಮೇಡಂ ಬಿಡಲಿಲ್ಲ. ನಾನು ಇದನ್ನು ಎಂಟನೇ ಪುಟದ ಕೆಳಗೆ, ಸುಡೊಕು ಪಕ್ಕ ಹಾಕೋಣ ಅಂದೆ. ಅದಕ್ಕೂ ಬಿಡಲಿಲ್ಲ. ವರದಿ ಬಂದದ್ದು ಮೊದಲ ಪುಟವಾದರೆ ವಿಷಾದವೂ ಮೊದಲ ಪುಟ.

ಸಂಚಿಕೆ ಅಂಚೆಯಲ್ಲಿ ಹೋದ ವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮಾಲೀಕರೇ. ಧ್ವನಿ ನಾನಂದುಕೊಂಡಷ್ಟು ಗಡುಸಾಗಿರಲಿಲ್ಲ.

“ನೋಡ್ದೆ ತಮ್ಮಾ. ರೇಟಿನ ವಿಷ್ಯ ಹಂಗೇ ಬಿಟ್ಟಿದೀರಲ್ಲ?”

“ಅದು ಹಾಗೇ ಇರತ್ತೆ ಸಾರ್. ಬೇರೆ ಏನಿದ್ರೂ ನಮ್ಮ ವಕೀಲರ ಹತ್ರ ಮಾತಾಡಿ.”

“ಡೀಸೆಲ್ ಯಾರ್ ಕೊಡ್ತಾರೆ, ಡಿಸಿ ಕೊಡ್ತಾರಾ?” ಎಂದು ಇಟ್ಟುಬಿಟ್ಟರು. ಆ ಪ್ರಶ್ನೆಯನ್ನು ಮಾರ್ಚಿನಲ್ಲೇ ಕೇಳಿ ವರದಿಯಲ್ಲಿ ಹಾಕಬೇಕಿತ್ತು. ಒಳ್ಳೆಯ ಪ್ರಶ್ನೆ.

ದಾವೆ ಬರಲಿಲ್ಲ. ಕೇವಿಯಟ್ಟಿನ 90 ದಿನ ಮುಗಿದಾಗ ಮೇಡಂ ಇನ್ನೊಂದು ಹಾಕುವುದು ಬೇಡ ಅಂದರು. ಸಿವಿಲ್ ದಾವೆಗೆ ಕಾಲಮಿತಿ ಪ್ರಕಟವಾದ ದಿನದಿಂದ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ. ಆದ್ದರಿಂದ ಏಳು ಚೀಟಿ, ಲ್ಯಾಬ್ ವರದಿ, ಒಡೆದ ಫೋನು ಒಂದು ಬಾಟಾ ಡಬ್ಬದಲ್ಲಿ ಇನ್ನೂ ಇವೆ.

ಪ್ರಿಂಟರ ಬಾಕಿ 11 ಸಾವಿರ ಜುಲೈಯಲ್ಲಿ ತೀರಿತು. ಮುಂದಿನ ಸಂಚಿಕೆಯ ಪುಟಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದಾಗ ಅವರು ಕಂಪ್ಯೂಟರಿನ ಮುಂದೆ ಕೂತು ಕೇಳಿದರು.

“ಈ ಸಲ ನೀರಿನ ಸುದ್ದಿ ಇಲ್ಲ ತಾನೇ?”

“ಇದೆ ಸಾರ್. ಕೆರೆ ಒತ್ತುವರಿದು.”

ಅವರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಹುಡುಗನಿಗೆ ಮಷಿನ್ ನಿಲ್ಲಿಸಲು ಹೇಳಿ, ಮೊದಲ ಪುಟವನ್ನು ಮೇಲಿನಿಂದ ಬೆರಳಿಟ್ಟು ಓದತೊಡಗಿದರು.